ಎರಡು ಸಾಲಿನ ಉತ್ತರ

ನನ್ನ ಕಾದಂಬರಿಯ ಹಸ್ತಪ್ರತಿಯನ್ನು, ಲೇಖಕರ ಪರವಾಗಿ ಪ್ರಕಾಶಕರನ್ನು ಹುಡುಕಿಕೊಡುವ ಸಾಹಿತ್ಯ ಏಜೆಂಟರಿಗೆ ಕಳುಹಿಸಿ ಇಂದಿಗೆ ಒಂಬತ್ತು ವಾರಗಳಾದವು. ಹಸ್ತಪ್ರತಿ ಎಂದದ್ದು ಸ್ವಲ್ಪ ದೊಡ್ಡ ಮಾತಾಯಿತು. ಏಜೆಂಟರು ಮೊದಲ ಸುತ್ತಿನಲ್ಲಿ ಸಾಮಾನ್ಯವಾಗಿ ಕೇಳುವುದು ಒಂದು ಪುಟದ ಪರಿಚಯ ಪತ್ರ, ಕಥಾಸಾರ ಮತ್ತು ಮೊದಲ ಮೂರು ಅಧ್ಯಾಯಗಳನ್ನು; ಕೆಲವರಿಗೆ ಮೊದಲ 10 ಪುಟಗಳೇ ಸಾಕು. ನಾಲ್ಕು ವರ್ಷ ಕುಳಿತು ಬರೆದ ಮುನ್ನೂರು ಪುಟಗಳಲ್ಲಿ ಉಳಿದವೆಲ್ಲ, ತಮ್ಮನ್ನೂ ಯಾರಾದರೂ ಕರೆದಾರೆಂದು, ನನ್ನೊಂದಿಗೆ ಮನೆಯಲ್ಲೇ ಕಾಯುತ್ತಿವೆ.

ಈ ಕಾಯುವಿಕೆಗೂ ಕಟ್ಟಳೆಗಳಿವೆ. ಆರರಿಂದ ಹನ್ನೆರಡು ವಾರ ಬೇಕೆಂದು ಅನೇಕರು ತಮ್ಮ ಸೂಚನೆಗಳಲ್ಲಿ ತಿಳಿಸಿರುತ್ತಾರೆ. ಅದಕ್ಕೆ ಮೊದಲೇ ನೆನಪೋಲೆ ಬರೆಯುವುದು ಒರಟುತನ. ಇನ್ನು ಕೆಲವರು, ಉತ್ತರ ಬಾರದಿದ್ದರೆ ಒಪ್ಪಿಗೆಯಿಲ್ಲವೆಂದು ತಿಳಿಯಿರಿ ಎಂದು ಮುಂಚಿತವಾಗಿಯೇ ಹೇಳಿಬಿಡುತ್ತಾರೆ. ದೂರುವಂತಿಲ್ಲ. ಪ್ರಾಮಾಣಿಕ ಏಜೆಂಟರು ಓದುವುದಕ್ಕೆ ಶುಲ್ಕ ಕೇಳುವುದಿಲ್ಲ. ಪುಸ್ತಕ ಪ್ರಕಾಶಕರಿಗೆ ಮಾರಾಟವಾದರೆ ಮಾತ್ರ ಲೇಖಕನ ಗಳಿಕೆಯಲ್ಲಿ ಸಾಮಾನ್ಯವಾಗಿ ಶೇಕಡಾ 15ರಷ್ಟು ಅವರಿಗೆ ಸಲ್ಲುತ್ತದೆಯಾದ್ದರಿಂದ, ಈಗಾಗಲೇ ಒಪ್ಪಿಕೊಂಡ ಲೇಖಕರ ಕೆಲಸ ಮುಗಿದ ಮೇಲೆ ತಾನೇ ನನ್ನಂಥವರ ಸರದಿ? ಆದರೂ ಮೌನವನ್ನೇ ಉತ್ತರವೆಂದು ಓದಿಕೊಳ್ಳಬೇಕಾದಾಗ, ಆ ಮೌನ ಯಾವ ದಿನ ಬಂದು ತಲುಪಿತೆಂಬುದಾದರೂ ತಿಳಿಯಬೇಡವೇ?

ಮೊನ್ನೆ ಒಬ್ಬರಿಂದ ನಿಜವಾದ ಉತ್ತರವೇ ಬಂತು. ಬರವಣಿಗೆ ಹಿಡಿಸಿತು, ಆದರೆ ನಮ್ಮ ಲೇಖಕರ ಪಟ್ಟಿಗೆ ಹೊಂದುವುದಿಲ್ಲ ಎಂಬ ಅರ್ಥದ ಎರಡು ಸಾಲು. ಎಲ್ಲರಿಗೂ ಹೋಗುವ ಸಿದ್ಧ ಪತ್ರವಿದೆಂದು ಗೊತ್ತಿದ್ದರೂ, 'ಹಿಡಿಸಿತು' ಎಂಬುದರ ಮುಂದಿನ ಅಲ್ಪವಿರಾಮವನ್ನು ಹಿಡಿದುಕೊಂಡು ಅರ್ಧ ಗಂಟೆ ಕುಳಿತೆ. ನನ್ನ ಕಾದಂಬರಿಯನ್ನು ಯಾರಾದರೂ ಹೇಗೆ ಓದಬೇಕೆಂದು ನಾಲ್ಕು ವರ್ಷ ಆಸೆಪಟ್ಟಿದ್ದೆನೋ, ಆ ಎರಡು ಸಾಲನ್ನು ನಾನು ಹಾಗೆ ಓದಿದೆ. ಆ ಏಜೆಂಟರಿಗೆ ಇಷ್ಟು ನಿಷ್ಠಾವಂತ ಓದುಗ ಇನ್ನೊಬ್ಬ ಸಿಕ್ಕಿರಲಾರ.

ಸ್ಪ್ಯಾಮ್ ಪೆಟ್ಟಿಗೆಯನ್ನೂ ದಿನಕ್ಕೆರಡು ಬಾರಿ ಶೋಧಿಸುತ್ತೇನೆ. ಅಲ್ಲಿ ಯಾರೋ ನನಗೆ ಸಾಲ ಕೊಡಲು ಕಾತರದಿಂದಿದ್ದಾರೆ, ಅದೂ ವಾರದೊಳಗೆ.

ಇಂದು ಬೆಳಿಗ್ಗೆ, ಬೇರೆ ಕೆಲಸವಿಲ್ಲದೆ, ಕಳುಹಿಸಿದ ಪ್ರತಿಯನ್ನೇ ತೆರೆದು ಓದತೊಡಗಿದೆ. ಏಳನೆಯ ಪುಟದಲ್ಲಿ ನಾಯಕಿಯ ಹೆಸರು ಅವಳ ತಾಯಿಯ ಹೆಸರಾಗಿಬಿಟ್ಟಿತ್ತು. ಏಕಕಾಲಕ್ಕೆ ಹಲವರಿಗೆ ಕಳುಹಿಸುವುದು ಈ ವ್ಯವಹಾರದಲ್ಲಿ ವಾಡಿಕೆಯಾದ್ದರಿಂದ, ಹನ್ನೆರಡು ಜನರ ಬಳಿ ಆ ಪುಟವಿದೆ. ಒಂಬತ್ತು ವಾರಗಳಿಂದ ಬೇಗ ಓದಲಿ ಎಂದು ಹಂಬಲಿಸುತ್ತಿದ್ದವನು, ಉಳಿದ ಹನ್ನೊಂದು ಜನ ಇನ್ನೂ ಓದಿರದಿರಲಿ ಎಂದು ಬೆಳಗಿನಿಂದ ಬೇಡಿಕೊಳ್ಳುತ್ತಿದ್ದೇನೆ.