ಮಲ್ಲಿಗೆ ಯಾಕೆ ಕಿರುಚಬೇಕು?

ಇವತ್ತು ಸಂಜೆ ಮಾಲ್‌ನಲ್ಲಿ ಸೆಂಟ್ ಅಂಗಡಿಯ ಹುಡುಗನಿಂದ ಉಪದೇಶ ಹೇಳಿಸಿಕೊಂಡು ಬಂದೆ. ಮಲ್ಲಿಗೆಯದು, ಮೆತ್ತಗಿರೋದು ಬೇಕು ಅಂದಿದ್ದೆ, ಅಷ್ಟೇ. "ಅದು ತುಂಬಾ ಲೈಟ್ ಸರ್, ಯಾರಿಗೂ ಗೊತ್ತೇ ಆಗಲ್ಲ. ಇದು ತಗೊಳ್ಳಿ, 12 ಗಂಟೆ ಇರುತ್ತೆ" ಅಂತ ಕೇಳದೆಯೇ ನನ್ನ ಮುಂಗೈಗೆ ಏನನ್ನೋ ಹೊಡೆದ. ಸೋಪು ಹಾಕಿ ಉಜ್ಜಿದರೂ ಹೋಗಿಲ್ಲ. ರಾತ್ರಿ ಸಾರನ್ನ ತಿಂದರೂ ಅದೇ ವಾಸನೆ.

ಯಾರಿಗೂ ಗೊತ್ತಾಗಬಾರದು ಅಂತಲೇ ಅಲ್ವಾ ಮಾರಾಯ ನಾನು ಕೇಳಿದ್ದು!

ನಾನು ಉಡುಪಿ ಜಿಲ್ಲೆಯ ಶಂಕರಪುರದ ಕಡೆಯವನು, ಮಲ್ಲಿಗೆಗೇ ಹೆಸರಾದ ಊರು. ನಮ್ಮಲ್ಲಿ 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಬೆಳಿಗ್ಗೆ ಮೊಗ್ಗು ಕೊಯ್ದು ಬಾಳೆ ನಾರಿನಲ್ಲಿ ಕಟ್ಟುತ್ತಾರೆ. ಕೊಯ್ದ ಮೇಲೂ ಅದು ನಿಧಾನಕ್ಕೆ ಅರಳುತ್ತಾ ಪರಿಮಳ ಬಿಡುತ್ತಲೇ ಇರುತ್ತದೆ. ಚಾವಡಿ ತುಂಬಾ ಮಲ್ಲಿಗೆ ಇದ್ದರೂ ನಮ್ಮಜ್ಜಿ ತಲೆನೋವು ಅಂದದ್ದು ನಾನು ಕಾಣೆ.

ಹಾಗಂತ ಮಲ್ಲಿಗೆ ಪೂರ್ತಿ ಸಾಧುವೂ ಅಲ್ಲ. ಅದರಲ್ಲಿ ಇಂಡೋಲ್ ಅಂತ ಒಂದು ರಾಸಾಯನಿಕ ಇದೆ. ಚೂರೇ ಚೂರು ಇದ್ದರೆ ಹೂವಿನ ಘಮ. ಜಾಸ್ತಿಯಾದರೆ ನುಸಿಗುಳಿಗೆಯ ವಾಸನೆ. ಮಲದಲ್ಲಿ ಇರುವುದೂ ಅದೇ ಇಂಡೋಲ್. (ಊಟ ಮಾಡುತ್ತಾ ಓದುತ್ತಿರುವವರು ಕ್ಷಮಿಸಿ.) ಅದನ್ನು ಪೂರ್ತಿ ತೆಗೆದರೆ ಉಳಿಯೋದು ಬಾತ್‌ರೂಮ್ ಫ್ರೆಶ್ನರ್. ಎಷ್ಟು ಇಡಬೇಕು, ಎಷ್ಟು ಬಿಡಬೇಕು ಅನ್ನೋದರಲ್ಲೇ ಸೆಂಟ್ ಮಾಡುವವನ ಕೈ ಗೊತ್ತಾಗೋದು. ಕಿರುಚಿಸೋಕೆ ಏನು ಬೇಕು? ಇನ್ನಷ್ಟು ಸುರಿದರಾಯ್ತು.

ಹುಡುಗ ಅಷ್ಟಕ್ಕೇ ಬಿಡಲಿಲ್ಲ. "ಮಲ್ಲಿಗೆ ಲೇಡೀಸ್‌ದು ಸರ್" ಅಂದ. ಅಯ್ಯೋ ದೇವರೇ. 1966ರಲ್ಲಿ ಬಂದ, ಫ್ರಾನ್ಸಿನ ಡಿಯೋರ್ ಕಂಪನಿಯ ಓ ಸೋವಾಜ್ ಗಂಡಸರ ಸೆಂಟುಗಳಲ್ಲಿ ದೊಡ್ಡ ಹೆಸರು. ಅದರ ಗುಟ್ಟು ಹೆಡಿಯೋನ್. ಮಲ್ಲಿಗೆಯ ಪರಿಮಳವನ್ನು ಬೆನ್ನು ಹತ್ತಿ ಹೋದವರಿಗೆ ಲ್ಯಾಬಿನಲ್ಲಿ ಸಿಕ್ಕಿದ ವಸ್ತು ಅದು. ತುಂಬಾ ಹಗುರ. ಆಮೇಲೆ ಎಷ್ಟೋ ಗಂಡಸರ ಬಾಟಲಿಗಳಿಗೆ ಅದು ಸದ್ದಿಲ್ಲದೆ ಸೇರಿಕೊಂಡಿತು. ಇನ್ನು ಉತ್ತರ ಪ್ರದೇಶದ ಕನೌಜ್, ಅತ್ತರಿಗೆ ಹೆಸರಾದ ಊರು. ಅಲ್ಲಿ ತಾಮ್ರದ ಹಂಡೆಯಲ್ಲಿ ಹೂವು ಬೇಯಿಸಿ, ಆವಿಯನ್ನು ಗಂಧದೆಣ್ಣೆಗೆ ಇಳಿಸುತ್ತಾರೆ. ಆ ಅತ್ತರಿನಲ್ಲಿ ಹತ್ತಿ ಅದ್ದಿ ಕಿವಿಯಲ್ಲಿ ಇಟ್ಟುಕೊಂಡು ಓಡಾಡುವವರು ಮೀಸೆ ಹೊತ್ತ ಗಂಡಸರೇ.

ಕೊಟ್ಟ ದುಡ್ಡಿಗೆ ಬಾಳಿಕೆ ಬೇಡವಾ ಅಂತ ಕೆಲವರು ಕೇಳುತ್ತೀರಿ. ಬೇಕು. ಕುಕ್ಕರಿಗೆ ಬೇಕು, ಚಪ್ಪಲಿಗೂ ಬೇಕು. ಆದರೆ ನಿಮ್ಮ ಸೆಂಟಿನ ಬಾಳಿಕೆಯನ್ನು ಲಿಫ್ಟಿನಲ್ಲಿ, ಮೆಟ್ರೋದಲ್ಲಿ ನಾವೂ ಬಾಳಬೇಕಲ್ಲ! ನೀವು ಇಳಿದು ಹೋದ ಮೇಲೂ ನಿಮ್ಮ ವಾಸನೆ ಸೀಟು ಬಿಡುವುದಿಲ್ಲ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ನಗುವವರು ನಗಿ. ನಾನು ಮಲ್ಲಿಗೆ ಸೆಂಟ್ ಹಾಕಿಕೊಳ್ಳೋದು ಆಫೀಸಿಗಲ್ಲ, ಮದುವೆಗೂ ಅಲ್ಲ. ರಾತ್ರಿ ಮಲಗುವ ಮುಂಚೆ. ಈ ಬೆಂಗಳೂರಿನ ರೂಮಲ್ಲಿ ಒಬ್ಬನೇ ಇರುವವನು ಯಾರನ್ನು ಮೆಚ್ಚಿಸಬೇಕು? ಕೈ ಮೂಗಿನ ಹತ್ತಿರ ಬಂದಾಗ ಗೊತ್ತಾದರೆ ಸಾಕು. ನಿದ್ದೆ ಬಂದ ಮೇಲೆ ಅದೂ ಹೋಗಲಿ, ಯಾರು ಬೇಡ ಅಂದರು.

ಮೆತ್ತಗಿನ ಮಲ್ಲಿಗೆ ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಲಾಂಗ್ ಲಾಸ್ಟಿಂಗ್ ಅನ್ನೋ ಪದ ಬರೆದವರನ್ನು ಅನ್‌ಫ್ರೆಂಡ್ ಮಾಡಲಾಗುವುದು.