ಮೊದಲು ಗಿರಾಕಿ, ಆಮೇಲೆ ಮರಗೆಣಸು

ಮರಗೆಣಸು (ಟ್ಯಾಪಿಯೋಕಾ) ಬೆಳೆದು ಸಂಸ್ಕರಿಸಿದರೆ ಹೆಣ್ಣುಮಕ್ಕಳಿಗೂ ಯುವಕರಿಗೂ ಒಳ್ಳೆ ಲಾಭ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಗದಗ ತಾಲ್ಲೂಕಿನವಳು. ನಮ್ಮ ಸಂಘದ ಹನ್ನೆರಡು ಜನ ಸೇರಿ ಜೋಳದ ರೊಟ್ಟಿ, ಸಾಬೂದಾಣಿ ಸಂಡಿಗೆ ಮಾಡಿ ಮಾರುತ್ತೇವೆ. ಸಾಬೂದಾಣಿ ಆಗೋದೇ ಈ ಗೆಣಸಿನ ಹಿಟ್ಟಿನಿಂದ, ಹಾಗಾಗಿ ಲೇಖನ ಎರಡು ಸಲ ಓದಿದೆ.

ಮುಖ್ಯ ಮಾತೊಂದು ಬಿಟ್ಟುಹೋಗಿದೆ. ಗೆಡ್ಡೆ ಕಿತ್ತ ಎರಡು ಮೂರು ದಿನದಲ್ಲೇ ಒಳಗೆ ಕಪ್ಪಾಗುತ್ತದೆ. ತಮಿಳುನಾಡಿನ ಸೇಲಂ ಕಡೆ ಹೊಲದ ಹತ್ತಿರವೇ ಕಾರ್ಖಾನೆಗಳಿವೆ, ಅಲ್ಲಿ ನಡೆಯುತ್ತದೆ. ಇಲ್ಲಿ ಬೆಳೆದು ಅಲ್ಲಿಗೆ ಕಳಿಸಿದರೆ ಲಾರಿ ಬಾಡಿಗೆಗೇ ದುಡ್ಡು ಹೋಗುತ್ತದೆ ಅಲ್ವಾ? ಬೆಳೆಗೆ 8ರಿಂದ 10 ತಿಂಗಳು ಬೇಕು. ಅಷ್ಟರಲ್ಲಿ ನಮ್ಮವರು ಹೆಸರುಕಾಳಿನ ಬೆಳೆ ತೆಗೆದು ಕಡಲೆಯನ್ನೂ ತೆಗೆದಿರುತ್ತಾರೆ. ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಶಿರಹಟ್ಟಿ ಕಡೆಯ ಮಸಾರಿ (ಕೆಂಪು ಮಣ್ಣಿನ) ಭೂಮಿ ಆದೀತು.

ಯಂತ್ರಕ್ಕೆ ಸಬ್ಸಿಡಿ ಸಿಗುತ್ತದೆ ಅಂತ ಸುಮ್ನೆ ಸಾಲ ಮಾಡಬೇಡಿ, ಅಕ್ಕಂದಿರೇ. ನಾವು ರೊಟ್ಟಿ ಯಂತ್ರ ತಂದ ಮೇಲೆ, ಮಾಲು ತಗೊಳ್ತೀನಿ ಅಂದಿದ್ದ ವ್ಯಾಪಾರಿ ಹಿಂದೆ ಸರಿದರು. ಆರು ತಿಂಗಳು ಕಂತು ಕಟ್ಟಿದ್ದು ನಮ್ಮ ಕೈಯಿಂದ. ಒಬ್ಬಾಕೆ ಕಿವಿಯೋಲೆ ಅಡ ಇಟ್ಟಳು. ಅದು ಇನ್ನೂ ಮನಸ್ಸಿಗೆ ಚುಚ್ಚುತ್ತದೆ.

ಮಾಡುವ ಆಸೆ ಇದ್ದವರು ಐದು ಗುಂಟೆಯಲ್ಲಿ ಸಿಹಿ ತಳಿ ಹಾಕಿ ನೋಡಿ. ಕಹಿ ತಳಿಯಲ್ಲಿ ವಿಷದ ಅಂಶ ಜಾಸ್ತಿ, ಅದು ಬೇಡ. ಚಿಪ್ಸ್ ಮಾಡಲು ಕಾರ್ಖಾನೆ ಬೇಕಿಲ್ಲ. ಕಿತ್ತ ದಿನವೇ ಸಿಪ್ಪೆ ತೆಗೆದು, ಹೆಚ್ಚಿ, ಕರಿದು ಸಂತೆಗೆ ಒಯ್ಯಬಹುದು. ನಮ್ಮ ಭಾಗದಲ್ಲಿ ಯಾರಾದರೂ ಬೆಳೆದಿದ್ದರೆ ಎಕರೆಗೆ ಎಷ್ಟು ಖರ್ಚು ಬಂತು, ಯಾರು ಕೊಂಡರು ಅಂತ ಇಲ್ಲೇ ಬರೆಯಿರಿ. ನಮ್ಮ ಸಂಘದ ಮುಂದಿನ ಸಭೆಯಲ್ಲಿ ಓದಿ ಹೇಳುತ್ತೇನೆ.