ಸ್ಪಷ್ಟನೆ: ‘ವೈವೈ’ ಮೀನು ಒಮ್ಮೆ ಬಿಟ್ಟರೆ ಸಾಲದು

“ಕುಲಾಂತರಿ ವೈವೈ ಗಂಡುಮೀನು ಒಮ್ಮೆ ಬಿಟ್ಟರೆ ಸಾಕು, ಆಕ್ರಮಣಕಾರಿ (ಹೊರಗಿನಿಂದ ಬಂದು ಹಬ್ಬುವ) ಮೀನಿನ ಸಂತತಿಯೇ ಅಳಿಯುತ್ತದೆ, ಹಿಡಿಯುವುದೇ ಬೇಡ” ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ವೈವೈ ಎಂದರೆ ಎರಡು ವೈ ವರ್ಣತಂತುಗಳಿರುವ ಗಂಡು; ಮಾಮೂಲಿ ಗಂಡಿಗೆ ಒಂದು ಎಕ್ಸ್, ಒಂದು ವೈ, ಹೆಣ್ಣಿಗೆ ಎರಡೂ ಎಕ್ಸ್. ಇವು ಕುಲಾಂತರಿಯಲ್ಲ, ಹಾರ್ಮೋನಿನಿಂದ ಲಿಂಗ ಬದಲಿಸಿದ ಮೀನುಗಳನ್ನು ಬಳಸಿ ಪಡೆದ ತಳಿ.

ಮುಖ್ಯ ವಿಷಯ ಬೇರೆಯೇ ಇದೆ. ವೈವೈ ಗಂಡಿಗೆ ಅಲ್ಲಿ ಮೊದಲೇ ಇರುವ ಹೆಣ್ಣುಮೀನಿನಲ್ಲಿ ಹುಟ್ಟುವ ಮರಿಗಳೆಲ್ಲ ಗಂಡೇ, ನಿಜ. ಆದರೆ ಅವು ಮಾಮೂಲಿ ಎಕ್ಸ್‌ವೈ ಗಂಡುಗಳು. ಬಿಡುವುದನ್ನು ನಿಲ್ಲಿಸಿದಾಗ ಹೆಣ್ಣುಗಳು ಇನ್ನೂ ಉಳಿದಿದ್ದರೆ, ವೈವೈ ಮೀನು ಸತ್ತ ಮೇಲೆ ಹೆಣ್ಣುಮರಿಗಳು ಮತ್ತೆ ಹುಟ್ಟುತ್ತವೆ. ಗುಟಿಯೆರೆಜ್ ಮತ್ತು ಟೀಮ್ ಎಂಬ ಇಬ್ಬರು ಸಂಶೋಧಕರು 2006ರಲ್ಲಿ ಪ್ರಕಟಿಸಿದ ಗಣಿತ ಮಾದರಿಯಲ್ಲೂ ವೈವೈ ಮೀನುಗಳನ್ನು ಸತತವಾಗಿ ಸೇರಿಸುತ್ತಲೇ ಇರಬೇಕು.

ಆಕ್ರಮಣಕಾರಿ ಮೀನನ್ನು ಹಿಡಿಯುವುದೂ ಜೊತೆಗಿದ್ದರೆ ಒಳ್ಳೆಯದು. ಮೊದಲೇ ಇರುವ ಗಂಡುಗಳು ಕಡಿಮೆಯಾದಷ್ಟೂ ವೈವೈ ಪಾಲು ಹೆಚ್ಚಿ, ಕಾಲ ಉಳಿಯುತ್ತದೆ. ಅಮೆರಿಕದ ಐಡಾಹೋದಲ್ಲಿ ಬ್ರೂಕ್ ಟ್ರೌಟ್ ಎಂಬ ಮೀನಿನ ಮೇಲೆ ಹಿಡಿಯುವುದು, ವೈವೈ ಬಿಡುವುದು ಎರಡನ್ನೂ ಜೊತೆಯಾಗಿ ಪ್ರಯೋಗಿಸಿದ್ದಾರೆ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ.